ನೀರು, ನೋವು, ಸಂಸಾರ: ತಿರುಮಣಿ ಸೀಮೆಯ ಒಂದು ಚರಿತ್ರೆ

ಮಗಳನ್ನು ಕೊಡುವ ಮುಂಚೆ ಆ ಊರಿನ ನೀರು ನೆರಳು ನೋಡಬೇಕೆಂಬುದು ನಮ್ಮ ಹಿರಿಯರ ಪದ್ಧತಿ. ನೆರಳೆಂದರೆ ಮನೆ, ಆಸರೆ, ನಾಲ್ಕು ಜನರ ನಡುವೆ ಬಾಳುವ ಅನುಕೂಲ. ನೀರೆಂದರೆ ಬಾವಿ ಎಷ್ಟು ದೂರ, ಬೇಸಗೆಯಲ್ಲಿ ಬತ್ತುವುದೋ ಇಲ್ಲವೋ, ಮಗಳು ದಿನಕ್ಕೆ ಎಷ್ಟು ಬಿಂದಿಗೆ ಹೊರಬೇಕಾದೀತು ಎಂಬ ಲೆಕ್ಕ. ನೀರು ಇದೆಯೇ ಎಂದು ಕೇಳುತ್ತಿದ್ದರೇ ಹೊರತು ನೀರಿನೊಳಗೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಉತ್ತರ ಹೇಳಬಲ್ಲವರು ಆಗ್ಗೆ ಯಾರಿದ್ದರು?

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಈ ಎರಡನೆಯ ಪ್ರಶ್ನೆಯನ್ನು ಜನ ಕೇಳಲು ಕಲಿತಿದ್ದಾರೆ. ಕಲಿಯುವುದಕ್ಕೆ ತೆತ್ತ ಬೆಲೆ ಮಾತ್ರ ಬಹಳ ದೊಡ್ಡದು. ಬೆನ್ನು ಬಾಗದ, ಕತ್ತು ತಿರುಗದ, ಮಂಡಿ ಮಡಿಸಲಾಗದ ಗಂಡಸರೂ ಹೆಂಗಸರೂ ಅಲ್ಲಿನ ಹಳ್ಳಿಗಳಲ್ಲಿ ಒಂದು ತಲೆಮಾರಿಗೂ ಮೀರಿ ಇದ್ದಾರೆ. ಒಂದು ದಿನ ಬಂದು ಮರುದಿನ ಹೋಗುವ ನೋವಲ್ಲ ಅದು. ಇಪ್ಪತ್ತು ವರ್ಷ, ಮೂವತ್ತು ವರ್ಷ ಮೈಯಲ್ಲಿ ಮನೆ ಮಾಡಿಕೊಂಡಿರುವ ನೋವು. ಇಂಥ ನೋವು ಒಂದು ಸಂಸಾರದೊಳಗೆ ಹೊಕ್ಕರೆ ಗಂಡಹೆಂಡಿರ ನಡುವೆ ಏನು ನಡೆಯುತ್ತದೆ ಎಂಬುದನ್ನು ತಮ್ಮೊಡನೆ ವಿಚಾರ ಮಾಡಬೇಕೆಂದು ಈ ಲೇಖನ. ನೋವು ಒಬ್ಬರದು, ಹೊರೆ ಇಬ್ಬರದು ಎಂಬ ಮಾತು ಎಲ್ಲ ದೇಶಗಳ ಸಂಸಾರಗಳಿಗೂ ಒಪ್ಪುತ್ತದೆ. ತಿರುಮಣಿ ಸೀಮೆಯಲ್ಲಿ ಆ ಮಾತನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ಏಕೆಂದರೆ ಅಲ್ಲಿ ರೋಗಿಯೂ ರೋಗಿಯ ಶುಶ್ರೂಷೆ ಮಾಡುವವರೂ ಒಂದೇ ಬಿಂದಿಗೆಯಿಂದ ನೀರು ಕುಡಿದವರು.

ಮೊದಲು ಊರಿನ ಪರಿಚಯವಾಗಲಿ. ಭೂಪಟದಲ್ಲಿ ಪಾವಗಡ ತಾಲ್ಲೂಕನ್ನು ನೋಡಿದರೆ ವಿಚಿತ್ರವೆನಿಸುತ್ತದೆ. ಮೂರು ಕಡೆಯೂ ಆಂಧ್ರ ಪ್ರದೇಶ ಸುತ್ತಿಕೊಂಡು, ಕನ್ನಡ ನಾಡಿಗೆ ಒಂದು ಕಿರಿದಾದ ಪಟ್ಟಿಯಿಂದ ಅಂಟಿಕೊಂಡಿರುವ ಸೀಮೆ ಅದು. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಸಂಬಂಧಗಳೂ ಗಡಿಯ ಈಚೆ ಆಚೆ ಎಂದು ನೋಡದೆ ಬೆಳೆಯುತ್ತವೆ. ಉತ್ತರ ಪಿನಾಕಿನಿ ನದಿ ನಾಗಲಮಡಿಕೆಯ ಬಳಿ ಹಾದು ಹೋಗುತ್ತದೆ. ನದಿಯೆಂಬ ಹೆಸರೇನೋ ಉಂಟು, ಬಹುಪಾಲು ಕಾಲ ಅದರಲ್ಲಿ ಮರಳೇ ಹೆಚ್ಚು. ಆ ಭಾಗದ ತಿರುಮಣಿಯ ಹೆಸರನ್ನು ಇಂದು ದೇಶವೆಲ್ಲ ಬಲ್ಲುದು. 2018ರಲ್ಲಿ ಮೊದಲ ಹಂತ ಆರಂಭವಾದ ಸೂರ್ಯಶಕ್ತಿಯ ವಿದ್ಯುತ್ ಸ್ಥಾವರದಿಂದ ಬಂದ ಹೆಸರು ಅದು. ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಗಾಜಿನ ಹಲಗೆಗಳು ಬಿಸಿಲಿಗೆ ಮುಖ ಮಾಡಿ ನಿಂತಿವೆ. ಮಳೆ ಕಡಿಮೆ, ಮೋಡ ಕಡಿಮೆ, ಬಿಸಿಲು ಧಾರಾಳ. ಸ್ಥಾವರಕ್ಕೆ ಅನುಕೂಲವಾದ ಈ ಮೂರೂ ಬೇಸಾಯಗಾರನಿಗೆ ಶತ್ರುಗಳಾಗಿದ್ದುವು. ಕಡಲೆಕಾಯಿ ಬಿತ್ತಿ ಮುಗಿಲು ನೋಡುವುದೇ ಅಲ್ಲಿನ ಜೀವನವಾಗಿದ್ದಿತು.

ನೋವಿನ ಚರಿತ್ರೆ ಆ ನೆಲದ ಕಲ್ಲಿನಿಂದಲೇ ತೊಡಗುತ್ತದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದಿತಷ್ಟೆ. ಭೂವಿಜ್ಞಾನಿಗಳು ಆ ಹೆಸರನ್ನು ಒಂದು ಶಿಲಾಶ್ರೇಣಿಗೆ ಇಟ್ಟಿದ್ದಾರೆ. ದಕ್ಷಿಣದಿಂದ ಉತ್ತರಕ್ಕೆ, ರಾಮನಗರದ ಬೆಟ್ಟಗಳಿಂದ ಮಧುಗಿರಿಯ ಏಕಶಿಲೆ, ಪಾವಗಡದ ದುರ್ಗ, ಮೊಳಕಾಲ್ಮೂರು ಇವುಗಳ ಮೂಲಕ ಬಳ್ಳಾರಿಯ ಕಡೆಗೆ ಸಾಗುವ ಈ ಗ್ರಾನೈಟ್ ಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ಕೋಟೆ ಕಟ್ಟಿದ ಪಾಳೆಯಗಾರರಿಗೆ ಈ ಕಲ್ಲು ವರವಾಯಿತು. ಆದರೆ ಇಂಥ ಗ್ರಾನೈಟಿನ ಖನಿಜಗಳಲ್ಲಿ ಫ್ಲೋರೀನ್ ಎಂಬ ಧಾತು ಸೇರಿಕೊಂಡಿರುತ್ತದೆ. ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ. ಮೇಲಿನ ನೀರಿನಲ್ಲಿ ಸಾಮಾನ್ಯವಾಗಿ ಅದು ಕಡಿಮೆ, ಆಳದ ನೀರಿನಲ್ಲಿ ಹೆಚ್ಚು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ಗುರುತು ಸಿಕ್ಕುವುದಿಲ್ಲ. ಕಾಯಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಫ್ಲೋರೈಡು ಗಟ್ಟಿಯಾಗುತ್ತದೆ. ಕುದಿಸಿದ ನೀರು ಕ್ಷೇಮವೆಂದು ನಂಬಿದ ನಮ್ಮ ಮನೆಗಳಿಗೆ ಇದು ಒಗ್ಗದ ಮಾತು.

ಈ ಧಾತುವಿಗೂ ಮನುಷ್ಯನ ಮೈಗೂ ಇರುವ ಸಂಬಂಧವನ್ನು ವಿಜ್ಞಾನಿಗಳು ಕಂಡುಕೊಂಡುದು ಕಳೆದ ಶತಮಾನದಲ್ಲಿ, ಅದೂ ಹಲ್ಲಿನ ಮೂಲಕ. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಂಡು ಬೆರಗಾದರು. ಕಾರಣ ನೀರಿನ ಫ್ಲೋರೈಡು ಎಂದು ತಿಳಿಯಲು 1931ರ ತನಕ ಕಾಯಬೇಕಾಯಿತು. ಮರುವರ್ಷ, 1932ರಲ್ಲಿ, ಕೋಪನ್‌ಹೇಗನ್ನಿನ ಇಬ್ಬರು ವೈದ್ಯರು ಕ್ರಯೊಲೈಟ್ ಎಂಬ ಖನಿಜವನ್ನು ಪುಡಿಮಾಡುವ ಕಾರ್ಖಾನೆಯ ಕೆಲಸಗಾರರಿಗೆ ಕ್ಷಕಿರಣ ಪರೀಕ್ಷೆ ಮಾಡಿದಾಗ ಅವರ ಮೂಳೆಗಳು ವಿಪರೀತ ದಟ್ಟವಾಗಿ, ಬೆನ್ನೆಲುಬಿನ ಕಟ್ಟುಗಳು ಸುಣ್ಣಗಟ್ಟಿರುವುದು ಕಂಡುಬಂದಿತು. ಆದರೆ ಅದು ಕಾರ್ಖಾನೆಯ ದೂಳಿನಿಂದ ಬಂದ ಕಾಯಿಲೆ. ದೂಳು ಕುಡಿದವನಿಗೆ ಮಾತ್ರ ಅದು ತಗಲಿತು. ಸಂಜೆ ಮನೆಗೆ ಬಂದರೆ ಆತನ ಹೆಂಡತಿ ಆರೋಗ್ಯವಂತಳಾಗಿಯೇ ಇರುತ್ತಿದ್ದಳು.

ನಮ್ಮಲ್ಲಿ ಕಥೆ ಬೇರೆಯಾಯಿತು. 1937ರಲ್ಲಿ ಮದರಾಸು ಪ್ರಾಂತದ ಗಿಂಡಿಯಲ್ಲಿದ್ದ ಕಿಂಗ್ ಇನ್‌ಸ್ಟಿಟ್ಯೂಟಿನ ಶಾರ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಆಗಿನ ನೆಲ್ಲೂರು ಜಿಲ್ಲೆಯ ಹಳ್ಳಿಗಳಿಂದ ಬಂದ ರೋಗಿಗಳ ವಿಷಯವನ್ನು ಪ್ರಕಟಿಸಿದರು. ನಡುವಯಸ್ಸಿಗೆ ಮುಂಚೆಯೇ ಬೆನ್ನು ಬಿಗಿದು ಕೋಲಿನಂತಾದವರು, ಕಾಲಿನ ಸ್ವಾಧೀನ ತಪ್ಪಿದವರು ಅವರಲ್ಲಿದ್ದರು. ಭಾರತದಲ್ಲಿ ನೀರಿನಿಂದ ಬರುವ ಮೂಳೆಯ ಫ್ಲೋರೋಸಿಸ್ ಕಾಯಿಲೆಗೆ ವೈದ್ಯರು ಹೆಸರಿಟ್ಟುದು ಅಲ್ಲಿಂದ. ಸ್ವಾರಸ್ಯವೆಂದರೆ ಅದೇ ಪ್ರಾಂತದ ದನಗಳಲ್ಲಿ ಈ ರೋಗವನ್ನು ಅದಕ್ಕೂ ಒಂದೆರಡು ವರ್ಷ ಮೊದಲೇ ಗುರುತಿಸಿದ್ದರು. ಕುಂಟುವ ಎತ್ತು ಬೇಗ ಕಣ್ಣಿಗೆ ಬೀಳುತ್ತದೆ, ಉಳುಮೆ ನಿಲ್ಲುತ್ತದೆ. ಮನುಷ್ಯ ಕುಂಟಿದರೆ ವಾಯು ಎನ್ನುತ್ತೇವೆ, ಗ್ರಹಚಾರ ಎನ್ನುತ್ತೇವೆ. ಪಾವಗಡದಲ್ಲಂತೂ ಶನಿಮಹಾತ್ಮನ ಗುಡಿ ಊರಿನಲ್ಲಿಯೇ ಇದೆ.

ಈಗ ಮೈಯೊಳಗೆ ನಡೆಯುವ ವ್ಯಾಪಾರವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸಂಸಾರದ ಮಾತೆಲ್ಲ ಇದರ ಮೇಲೆ ನಿಂತಿದೆ. ಕುಡಿದ ನೀರಿನೊಡನೆ ಒಳಹೊಕ್ಕ ಫ್ಲೋರೈಡಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಉಳಿದುದು ಸುಣ್ಣದ ಅಂಶವಿರುವ ಕಡೆಗೆ, ಎಂದರೆ ಹಲ್ಲು ಮೂಳೆಗಳಿಗೆ, ಹೋಗಿ ಸೇರುತ್ತದೆ. ಹಲ್ಲಿನ ಹೊರಪದರ ರೂಪುಗೊಳ್ಳುವುದು ಬಾಲ್ಯದಲ್ಲಿ, ಸುಮಾರು ಎಂಟು ವರ್ಷದೊಳಗೆ. ಆ ವಯಸ್ಸಿನಲ್ಲಿ ಇಂಥ ನೀರು ಕುಡಿದವರ ಹಲ್ಲಿನ ಮೇಲೆ ಮಾತ್ರ ಕಂದು ಕಲೆ ಬೀಳುತ್ತದೆ. ಆಮೇಲೆ ಎಷ್ಟು ಕುಡಿದರೂ ಹಲ್ಲಿಗೆ ಆ ಕಲೆ ಬರುವುದಿಲ್ಲ. ಮೂಳೆ ಹಾಗಲ್ಲ. ಅದು ಬದುಕಿರುವ ತನಕ ಸವೆದು ಕಟ್ಟಿಕೊಳ್ಳುತ್ತಲೇ ಇರುವ ವಸ್ತುವಾದುದರಿಂದ ಯಾವ ವಯಸ್ಸಿನಲ್ಲಿ ಕುಡಿದರೂ ಫ್ಲೋರೈಡನ್ನು ಹೀರಿಕೊಳ್ಳುತ್ತದೆ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಬೆನ್ನೆಲುಬಿನ ಕಟ್ಟುಗಳು ಬಿಗಿಯುತ್ತವೆ, ಕೀಲುಗಳ ಅಂಚಿನಲ್ಲಿ ಮೂಳೆ ಚಿಗುರುತ್ತದೆ, ನೋವು ತೊಡಗುತ್ತದೆ.

ಇದರ ಅರ್ಥವನ್ನು ಒಬ್ಬ ಮದುಮಗಳ ದೃಷ್ಟಿಯಿಂದ ನೋಡಿ. ಒಳ್ಳೆಯ ನೀರಿನ ಊರಿನಲ್ಲಿ ಹುಟ್ಟಿ ಬೆಳೆದ ಹುಡುಗಿ ಇಪ್ಪತ್ತರ ವಯಸ್ಸಿನಲ್ಲಿ ಫ್ಲೋರೈಡಿನ ಊರಿಗೆ ಸೊಸೆಯಾಗಿ ಬರುತ್ತಾಳೆ. ಗಂಡನ ಹಲ್ಲು ಕಂದು, ಇವಳದು ಬಿಳುಪು. ಇವಳಿಗೆ ಏನೂ ಆಗಿಲ್ಲವೆಂದು ಎಲ್ಲರೂ ತಿಳಿಯುತ್ತಾರೆ, ಇವಳೂ ತಿಳಿಯುತ್ತಾಳೆ. ಮದುವೆಯ ದಿನದಿಂದ ಇವಳ ಮೂಳೆಯ ಲೆಕ್ಕ ಶುರುವಾಗಿರುತ್ತದೆ. ಹಲ್ಲು ತವರಿನ ನೀರನ್ನು ಹೇಳುತ್ತದೆ, ಮೂಳೆ ಗಂಡನ ಮನೆಯ ನೀರನ್ನು ಹೇಳುತ್ತದೆ. ಬಸುರಿಯಾದಾಗ, ಮಗುವಿಗೆ ಹಾಲೂಡಿಸುವಾಗ ಮೈಯ ಸುಣ್ಣದ ಅಂಶ ಮಗುವಿಗೆ ಹೋಗುತ್ತದೆ. ಆಹಾರದಲ್ಲಿ ಅದು ಸಾಕಷ್ಟು ಸಿಕ್ಕದಿದ್ದರೆ ಫ್ಲೋರೈಡಿನ ಕೇಡು ಇನ್ನೂ ಹೆಚ್ಚುತ್ತದೆ. ಹೀಗಾಗಿ ಹುಟ್ಟಿನಿಂದ ಆ ನೀರು ಕುಡಿದ ಗಂಡನಿಗೆ ಮೊದಲು ನೋವು ಬಂದು, ಅವನನ್ನು ನೋಡಿಕೊಳ್ಳುತ್ತಿದ್ದ ಹೆಂಡತಿಗೆ ಕೆಲವು ವರ್ಷ ಹಿಂದಾಗಿ ಅದೇ ನೋವು ಬರುವುದು ಅಲ್ಲಿ ಸಹಜವಾದ ಕ್ರಮ.

ಹಾಗಿದ್ದರೆ ಈ ಕಷ್ಟ ಅನಾದಿಯಿಂದ ಇದ್ದಿತೇ ಎಂದು ತಾವು ಕೇಳಬಹುದು. ಅಲ್ಪಸ್ವಲ್ಪ ಇದ್ದಿರಬೇಕು. ಅದು ಹಬ್ಬಿದುದು ಮಾತ್ರ ಒಂದು ಒಳ್ಳೆಯ ಕೆಲಸದ ಬೆನ್ನಿಗೆ. ಹಿಂದೆ ಈ ಸೀಮೆಯ ಜನ ಕೆರೆಯ ನೀರು, ತೆರೆದ ಬಾವಿಯ ನೀರು ಕುಡಿಯುತ್ತಿದ್ದರು. ಕೆರೆಬಾವಿಗಳಲ್ಲಿ ಫ್ಲೋರೈಡು ಕಡಿಮೆಯಿದ್ದರೂ ಕಾಲರಾ ಇದ್ದಿತು. ಮೆಟ್ಟಿಲುಬಾವಿಗಳಲ್ಲಿ ನಾರುಹುಣ್ಣಿನ ಹುಳುವಿದ್ದಿತು. ಕಾಲಿನಿಂದ ಉದ್ದನೆಯ ಹುಳುವನ್ನು ಕಡ್ಡಿಗೆ ಸುತ್ತಿ ಎಳೆಯುವ ಆ ಹಿಂಸೆಯನ್ನು ಹಿರಿಯರಿಂದ ಕೇಳಿದವರು ತಮ್ಮಲ್ಲಿಯೂ ಇರಬಹುದು. 1960ರ ದಶಕದ ನಡುವೆ ದೇಶಕ್ಕೆ ಭಾರಿ ಬರ ಬಂದಿತು. 1967ರ ಸುಮಾರಿಗೆ ಯೂನಿಸೆಫ್ ಸಂಸ್ಥೆ ಗಟ್ಟಿಕಲ್ಲನ್ನು ಕೊರೆಯಬಲ್ಲ ಯಂತ್ರಗಳನ್ನು ಭಾರತಕ್ಕೆ ತರಿಸಿತು. ಎಪ್ಪತ್ತರ ದಶಕದ ಕೊನೆಗೆ ಇಂಡಿಯಾ ಮಾರ್ಕ್ ಎರಡು ಎಂಬ ಕೈಪಂಪು ಹಳ್ಳಿಹಳ್ಳಿಗೂ ಬಂದಿತು. ಬರದಲ್ಲೂ ನೀರು ಸಿಕ್ಕಿತು, ಹೆಂಗಸರ ನಡಿಗೆ ತಗ್ಗಿತು, ಕಾಲರಾ ಇಳಿಯಿತು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಈ ಕೆಲಸವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ.

ಆದರೆ ಬಂದುದು ಆಳದ ನೀರು. ಕುಡಿಯುವುದಕ್ಕೆ ಕೊರೆದ ಬಾವಿಗಳ ಪಕ್ಕದಲ್ಲಿ ಬೇಸಾಯಕ್ಕೆ ಕೊರೆದ ಬಾವಿಗಳು ಹೆಚ್ಚಾದುವು. ಅಂತರ್ಜಲ ಇಳಿದಂತೆ ಕೊಳವೆ ಇನ್ನೂ ಕೆಳಕ್ಕೆ ಹೋಯಿತು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡು 1 ಮಿಲಿಗ್ರಾಮಿನೊಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರ ತನಕ ಸಹಿಸಬಹುದು ಎಂದು ನಮ್ಮ ದೇಶದ ನಿಯಮ. ಪಾವಗಡ ತಾಲ್ಲೂಕಿನಲ್ಲಿ ಈ ಮಿತಿ ಮೀರಿದ ಕೊಳವೆಬಾವಿಗಳು ಬಹಳ. ಎಂಬತ್ತರ ದಶಕದಲ್ಲಿ ಕೈಪಂಪಿನ ನೀರು ಕುಡಿದು ಸಂಸಾರ ಹೂಡಿದ ದಂಪತಿಗಳು ಶತಮಾನ ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡು ಕುಳಿತಿದ್ದರು.

ಇಂಥ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಯಾವುದೋ ಒಂದು ಮನೆಯನ್ನು ಬೆರಳು ಮಾಡಿ ತೋರಿಸುತ್ತಿಲ್ಲ. ಆ ಕಡೆಯ ಹಳ್ಳಿಗಳಲ್ಲಿ ಸಾಮಾನ್ಯವಾದ ಚಿತ್ರ ಇದು. ಯಜಮಾನನಿಗೆ ಐವತ್ತು ವರ್ಷ. ಬೆಳಿಗ್ಗೆ ತಾನಾಗಿ ಏಳಲಾರ. ಹೆಂಡತಿ ತೋಳು ಕೊಟ್ಟು ಎಬ್ಬಿಸಬೇಕು, ಬಚ್ಚಲೊಲೆಗೆ ಕಟ್ಟಿಗೆ ಹಾಕಿ ನೀರು ಕಾಯಿಸಬೇಕು, ಹರಳೆಣ್ಣೆ ತಿಕ್ಕಬೇಕು. ಆ ಕಟ್ಟಿಗೆಯನ್ನು ಆರಿಸಿ ತಂದವಳೂ ಅವಳೇ, ಆ ನೀರನ್ನು ತಲೆಯ ಮೇಲೆ ಸಿಂಬಿಯಿಟ್ಟು ಹೊತ್ತು ತಂದವಳೂ ಅವಳೇ. ಕುಕ್ಕುರುಗಾಲಿನಲ್ಲಿ ಕೂರಲಾರದವನಿಗೆ ಬಹಿರ್ದೆಸೆಯೇ ಒಂದು ದೊಡ್ಡ ಕಷ್ಟ. ಈ ವಿಷಯವನ್ನು ಅವನು ಹೆಂಡತಿಯ ಹೊರತು ಯಾರಿಗೂ ಹೇಳುವುದಿಲ್ಲ. ಕಡಲೆಕಾಯಿ ಕೀಳುವುದು ಬಾಗಿ ಮಾಡುವ ಕೆಲಸ, ಅದು ಅವನಿಂದಾಗದು. ಹೊಲದ ಕೆಲಸವೂ ಅವಳ ಪಾಲಿಗೆ ಬರುತ್ತದೆ. ಕರೆದರೆ ಅವನು ಕತ್ತು ತಿರುಗಿಸಲಾರ, ಇಡೀ ಮೈಯನ್ನೇ ತಿರುಗಿಸಬೇಕು. ಅದಕ್ಕೆ ಬೇಸರಪಟ್ಟು ಎಷ್ಟೋ ಸಲ ತಿರುಗುವುದೇ ಇಲ್ಲ. ಮಾತು ಕೇಳಿಸಿದರೂ ಕೇಳಿಸದವನಂತೆ ಇದ್ದಾನೆಂದು ಹೆಂಡತಿಗೆ ಅನಿಸುತ್ತದೆ. ಮಾತು ಕಡಿಮೆಯಾಗುವುದು ಹೀಗೆ. ರಾತ್ರಿ ಮಗ್ಗುಲು ಬದಲಿಸುವಾಗಲೆಲ್ಲ ಅವನು ನರಳುತ್ತಾನೆ, ಇಬ್ಬರ ನಿದ್ದೆಯೂ ಕೆಡುತ್ತದೆ. ಕೊನೆಗೆ ಅವನ ಚಾಪೆ ಪಡಸಾಲೆಗೆ ಹೋಗುತ್ತದೆ. ಮುಚ್ಚಿದ ಬಾಗಿಲಿನ ಆಚೆಯ ವಿಷಯವನ್ನು ಇದಕ್ಕಿಂತ ಬಿಡಿಸಿ ಹೇಳಬೇಕಾದುದಿಲ್ಲ, ತಾವು ಬಲ್ಲಿರಿ.

ಅವಳಿಗೆ ನಲವತ್ತೈದು. ಈಚೆಗೆ ಮುದ್ದೆ ತೊಳಸುವಾಗ ಹೆಗಲಿನಿಂದ ಸೊಂಟದ ತನಕ ಹಿಡಿದು ಎಳೆದಂತಾಗುತ್ತದೆ. ಮುದ್ದೆ ತೊಳಸುವುದೆಂದರೆ ಸಾಮಾನ್ಯ ಕೆಲಸವೇ? ಎರಡು ಕಾಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು, ಕೋಲನ್ನು ಎರಡು ಕೈಯಿಂದ ತಿರುವಬೇಕು. ಬೆನ್ನು ಬಾಗಿ ಅಂಗಳದಲ್ಲಿ ರಂಗೋಲೆ ಇಡುವುದು ಕಷ್ಟವಾಗಿ ಮಗಳ ಕೈಗೆ ಕೊಟ್ಟಿದ್ದಾಳೆ. ಕೇಳಿದರೆ ಅವರದು ಕಾಯಿಲೆ, ತನ್ನದು ಬರಿಯ ಮೈಕೈ ನೋವು ಎನ್ನುತ್ತಾಳೆ. ಗಂಡನ ನೋವಿಗೆ ಕಾಯಿಲೆಯೆಂಬ ಹೆಸರಿದೆ, ಪಟ್ಟಣದ ವೈದ್ಯರ ಚೀಟಿಯಿದೆ. ಅವಳ ನೋವನ್ನು ಮನೆಯವರೂ ಅವಳೂ ಸೇರಿ ದಣಿವಿನ ಲೆಕ್ಕಕ್ಕೆ ಬರೆದಿದ್ದಾರೆ. ಈ ಎರಡನ್ನೂ ತಂದುದು ಒಂದೇ ನೀರು.

ಪೇಟೆಯಿಂದ ಗುಳಿಗೆ ಬರುತ್ತದೆ. ಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೊಂದು, ಆಮೇಲೆ ಎರಡು. ಇಂಥ ನೋವಿನ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಫ್ಲೋರೈಡು ಮೈಯಿಂದ ಹೊರಹೋಗುವ ದಾರಿಯೇ ಮೂತ್ರಪಿಂಡ. ಆ ದಾರಿ ಕಟ್ಟಿಕೊಂಡರೆ ಒಳಗೆ ಉಳಿಯುವುದು ಇನ್ನೂ ಹೆಚ್ಚು. ಗುಳಿಗೆ, ಸೂಜಿ, ಬಸ್ಸಿನ ಖರ್ಚಿಗೆ ಸಾಲ. ಸಾಲ ತೀರಿಸಲು ಮಗ ಬೆಂಗಳೂರಿಗೆ ಗಾರೆಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿ ದುಡಿಯುವ ಕೈ ಕಡಿಮೆಯಾಯಿತೆಂದು ಅವನಿಗೆ ಬೇಗನೆ ಮದುವೆ ಮಾಡುತ್ತಾರೆ. ಸೊಸೆ ಬಂದು ಅದೇ ಬಿಂದಿಗೆಯನ್ನು ಎತ್ತಿಕೊಳ್ಳುತ್ತಾಳೆ.

ದೀರ್ಘಕಾಲದ ನೋವು ಮತ್ತು ದಾಂಪತ್ಯ ಎಂಬ ವಿಷಯ ಪಶ್ಚಿಮದ ವೈದ್ಯಶಾಸ್ತ್ರಕ್ಕೆ ಹೊಕ್ಕುದು ಬಹಳ ಹಿಂದೇನೂ ಅಲ್ಲ. ನೋವನ್ನೇ ಒಂದು ಪ್ರತ್ಯೇಕ ವಿಷಯವಾಗಿ ಹಿಡಿದು 1953ರಲ್ಲಿ ದೊಡ್ಡ ಗ್ರಂಥ ಬರೆದವರು ಅಮೆರಿಕದ ಜಾನ್ ಬೋನಿಕಾ. ಅವರು ತಾರುಣ್ಯದಲ್ಲಿ ಕುಸ್ತಿಯ ಪೈಲ್ವಾನರಾಗಿದ್ದು, ಆಗ ಆದ ಪೆಟ್ಟುಗಳ ನೋವನ್ನು ಮುಪ್ಪಿನ ತನಕ ಹೊತ್ತವರು. ಅವರ ಪತ್ನಿ ಎಮ್ಮಾ ಚೊಚ್ಚಲ ಹೆರಿಗೆಯಲ್ಲಿ ಅರಿವಳಿಕೆಯ ತೊಂದರೆಯಿಂದ ಸಾವಿನ ಅಂಚಿಗೆ ಹೋಗಿ ಬಂದವರು. ಬೋನಿಕಾ ಕಟ್ಟಿದ ಸಿಯಾಟಲ್ ನಗರದ ನೋವಿನ ಚಿಕಿತ್ಸಾಲಯದಲ್ಲಿಯೇ ವಿಲ್ಬರ್ಟ್ ಫೋರ್ಡೈಸ್ ಎಂಬ ಮನೋವಿಜ್ಞಾನಿ ಒಂದು ಹೊಸ ಪ್ರಶ್ನೆ ಎತ್ತಿದರು: ರೋಗಿ ನರಳಿದಾಗ ಪಕ್ಕದಲ್ಲಿರುವ ಗಂಡನೋ ಹೆಂಡತಿಯೋ ಏನು ಮಾಡುತ್ತಾರೆ? 1976ರ ತಮ್ಮ ಪುಸ್ತಕದಲ್ಲಿ ಅವರು ತೋರಿಸಿದಂತೆ, ನರಳಿದಾಗಲೆಲ್ಲ ಓಡಿಬಂದು ಕೈಯ ಕೆಲಸ ಕಿತ್ತುಕೊಂಡು ಮಲಗಿಸಿದರೆ, ಪ್ರೀತಿಯಿಂದ ಮಾಡಿದ ಆ ಉಪಚಾರವೇ ರೋಗಿಯನ್ನು ಇನ್ನೂ ಅಶಕ್ತನನ್ನಾಗಿ ಮಾಡಬಹುದು. 1985ರಲ್ಲಿ ಅಮೆರಿಕದ ಸಂಶೋಧಕರು ತಯಾರಿಸಿದ ಒಂದು ಪ್ರಶ್ನಾವಳಿಯಲ್ಲಿ ಸಂಗಾತಿಯ ನಡವಳಿಕೆಯನ್ನು ಮೂರು ಬಗೆಯಾಗಿ ಅಳೆಯುತ್ತಾರೆ: ಸಿಡುಕುವುದು, ಉಪಚರಿಸುವುದು, ಮನಸ್ಸನ್ನು ಬೇರೆ ಕಡೆ ಹೊರಳಿಸುವುದು.

ಪಟ್ಟಣದ ಮನೆಗಳಲ್ಲಿ ಸೊಂಟನೋವಿನ ಯಜಮಾನರನ್ನೋ ಮಂಡಿನೋವಿನ ಯಜಮಾನಿತಿಯನ್ನೋ ನೋಡಿಕೊಳ್ಳುತ್ತಿರುವ ತಮ್ಮಲ್ಲಿ ಅನೇಕರಿಗೆ ಈ ಮೂರರ ಅನುಭವವೂ ಇದ್ದೀತು, ಒಂದೇ ದಿನದಲ್ಲಿ ಮೂರೂ ಆಗಿರಬಹುದು. ಬೆಳಿಗ್ಗೆ ಕಾಫಿ ಹಾಸಿಗೆಗೇ ತಂದುಕೊಟ್ಟು, ಮಧ್ಯಾಹ್ನ ಸಿಡುಕಿ, ಸಂಜೆ ರೇಡಿಯೋ ಹಾಕಿ ಸಂಗೀತ ಕೇಳಿಸುವುದು ಉಂಟು. ಫೋರ್ಡೈಸರ ಮಾತು ತಮ್ಮ ಮನೆಗೆ ಉಪಯೋಗವಾಗಬಹುದು. ಆದರೆ ಆ ವಿಚಾರವೆಲ್ಲ ಇಬ್ಬರಲ್ಲಿ ಒಬ್ಬರು ಆರೋಗ್ಯವಾಗಿದ್ದಾರೆಂದು ಎಣಿಸಿ ಕಟ್ಟಿದುದು. ತಿರುಮಣಿ ಸೀಮೆಯ ಮನೆಯಲ್ಲಿ ರೋಗಿ ಯಾರು, ಸಂಗಾತಿ ಯಾರು? ಉಪಚಾರ ಅತಿಯಾಯಿತೆಂದು ಅಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅತಿಯಾಗಿ ಉಪಚರಿಸಲು ಗಟ್ಟಿಮೈಯೇ ಆ ಮನೆಯಲ್ಲಿಲ್ಲ.

ಹೆಂಗಸರ ಮೈಕೈ ನೋವಿನ ಬಗೆಗೆ ನಮ್ಮ ಬೆಂಗಳೂರಿನಲ್ಲಿಯೇ ನಡೆದ ಒಂದು ಕೆಲಸವನ್ನು ಇಲ್ಲಿ ನೆನೆಯಬೇಕು. ನಿಮ್ಹಾನ್ಸ್ ಸಂಸ್ಥೆಯ ಡಾ. ರಘುರಾಮ್ ಮತ್ತು ಅವರ ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮನಸ್ಸಿನ ದುಃಖವನ್ನು ಬಾಯಿಬಿಟ್ಟು ಹೇಳಿಕೊಂಡರೆ ಜನ ಕೀಳಾಗಿ ಕಾಣುತ್ತಾರೆಂಬ ಅಳುಕು ರೋಗಿಗಳಲ್ಲಿರುವುದನ್ನೂ, ದೇಹದ ನೋವಿಗೆ ಅಂಥ ಕಳಂಕ ಅಷ್ಟಾಗಿ ಅಂಟದಿರುವುದನ್ನೂ ತೋರಿಸಿದ್ದಾರೆ. ಮದುವೆಗೆ ಅಡ್ಡಿಯಾದೀತೆಂಬ ಭಯ ಅಂಥ ಅಳುಕಿನ ಒಂದು ಮುಖ್ಯ ಭಾಗ. ಹೀಗಾಗಿ ನಮ್ಮ ಹೆಂಗಸರು ಮೈ ನೋವೆಂದಾಗ ಕೇಳುವವರು ಮನಸ್ಸನ್ನೂ ವಿಚಾರಿಸುವುದು ಒಳ್ಳೆಯದೆಂದು ವೈದ್ಯರು ಕಲಿತರು. ಕಲಿತುದು ಸರಿಯೇ. ಫ್ಲೋರೈಡಿನ ಊರಿನಲ್ಲಿ ಮಾತ್ರ ಅದರ ತಿರುವುಮುರುವು ಅಪಾಯವೂ ಉಂಟು. ಮನೆಯ ಚಿಂತೆಯಿಂದ ಹೀಗಾಗಿದೆ ಎಂದು ಸಮಾಧಾನ ಹೇಳಿ ಕಳಿಸಿದ ಹೆಂಗಸಿನ ಬೆನ್ನೆಲುಬು ನಿಜವಾಗಿಯೇ ಕಲ್ಲಾಗುತ್ತಿರಬಹುದು. ಆರಂಭದಲ್ಲಿ ಕ್ಷಕಿರಣದ ಚಿತ್ರದಲ್ಲಿಯೂ ಅದು ಸ್ಪಷ್ಟವಾಗಿ ಕಾಣುವುದಿಲ್ಲ. ಇದಕ್ಕೆ ವೈದ್ಯರು ಬಳಸುವ ಸರಳವಾದ ಪರೀಕ್ಷೆಗಳಿವೆ: ಮಂಡಿ ಮಡಿಸದೆ ಬಾಗಿ ನೆಲದ ಮೇಲಿನ ನಾಣ್ಯ ಎತ್ತುವುದು, ಗಲ್ಲವನ್ನು ಎದೆಗೆ ಮುಟ್ಟಿಸುವುದು, ಎರಡು ಕೈಗಳನ್ನೂ ತಲೆಯ ಹಿಂದಕ್ಕೆ ಕಟ್ಟುವುದು. ಗಂಡನನ್ನು ಪರೀಕ್ಷಿಸುವಾಗ ಹೆಂಡತಿಗೂ ಅದೇ ನಾಣ್ಯ ಎತ್ತಲು ಹೇಳಿದರೆ ಖರ್ಚೇನೂ ಇಲ್ಲ.

ಇನ್ನು ಸಂಬಂಧ ಬೆಳೆಸುವ ಮಾತು. ಆಂಧ್ರ ಪ್ರದೇಶದಲ್ಲಿಯೂ ಈಗಿನ ತೆಲಂಗಾಣದ ನಲ್ಗೊಂಡದಲ್ಲಿಯೂ ಇರುವಂತೆ ನಮ್ಮ ಕಡೆಯ ಫ್ಲೋರೈಡಿನ ಹಳ್ಳಿಗಳಿಗೂ ಹೆಣ್ಣು ಕೊಡಲು, ಅಲ್ಲಿಂದ ಹೆಣ್ಣು ತರಲು ಹಿಂಜರಿಯುತ್ತಾರೆಂಬ ದೂರು ಹಳೆಯದು. ಹೆಣ್ಣು ನೋಡಲು ಬಂದವರು ಮೊದಲು ನೋಡುವುದು ಹಲ್ಲನ್ನು. ನಗಬೇಡವೆಂದು ತಾಯಿ ಮಗಳಿಗೆ ಹೇಳಿಕೊಟ್ಟಿರುತ್ತಾಳೆ. ಕಂದು ಹಲ್ಲಿನವಳನ್ನು ತಂದರೆ ಮಕ್ಕಳಿಗೂ ಹಾಗೆಯೇ ಆದೀತೆಂಬ ಭಯ. ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಬಿಡಿಸಿ ಹೇಳಬೇಕು. ವಂಶದಿಂದ ಬರುವ ಕೀಲುನೋವಿನ ಕಾಯಿಲೆಗಳೂ ನಮ್ಮ ನಾಡಿನಲ್ಲಿವೆ. ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿ 1970ರ ದಶಕದ ನಡುವೆ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಅಂಥದು. ಸೊಂಟದ ಕೀಲು ಸವೆದು ನಡೆಯಲಾಗದಂತೆ ಮಾಡುವ ಅದನ್ನು ಮೊದಲಿಗೆ ಗದ್ದೆಯ ಏಡಿ ತಿಂದುದರಿಂದ, ಕೀಟನಾಶಕದಿಂದ ಬಂದುದೆಂದು ಸಂದೇಹಪಟ್ಟರು. ಅದು ರಕ್ತಸಂಬಂಧದಲ್ಲಿ ಇಳಿದು ಬರುವುದೆಂದು ಆಮೇಲೆ ತಿಳಿಯಿತು. ಪಾವಗಡದ ನೋವು ಹಾಗಲ್ಲ. ಕಂದು ಹಲ್ಲಿನ ಹುಡುಗಿ ಒಳ್ಳೆಯ ನೀರಿನ ಊರಿಗೆ ಸೊಸೆಯಾಗಿ ಹೋದರೆ ಅವಳ ಮಕ್ಕಳ ಹಲ್ಲು ಬೆಳ್ಳಗೇ ಇರುತ್ತದೆ, ಅವಳ ಮೂಳೆಗೂ ಬಿಡುವು ಸಿಕ್ಕುತ್ತದೆ. ಬಿಳಿಯ ಹಲ್ಲಿನ ಹುಡುಗಿಯನ್ನೇ ಆರಿಸಿ ಫ್ಲೋರೈಡಿನ ಊರಿಗೆ ತಂದರೆ ಅವಳ ಮಕ್ಕಳ ಹಲ್ಲು ಕಂದಾಗುತ್ತದೆ. ಹೆಣ್ಣು ನೋಡುವವರು ಹಲ್ಲನ್ನು ನೋಡಿ ಹುಡುಗಿಯನ್ನು ಬೇಡವೆನ್ನುತ್ತಾರೆ, ತಮ್ಮ ಮನೆಯ ಕೊಡವನ್ನು ನೋಡಿಕೊಳ್ಳುವುದಿಲ್ಲ.

ಕಾಯಿಲೆಗೂ ವಿವಾಹಕ್ಕೂ ಇರುವ ಸಂಬಂಧವನ್ನು ಕಾನೂನು ಹೇಗೆ ಕಂಡಿತೆಂಬುದು ಒಂದು ಪಕ್ಕದ ಮಾತು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಗುಣವಾಗದ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಬರೆದಿದ್ದರು. ಕುಷ್ಠ ಗುಣವಾಗುವ ಕಾಯಿಲೆಯಾಗಿ ಎಷ್ಟೋ ಕಾಲವಾದ ಮೇಲೆ, 2019ರಲ್ಲಿ, ಅದನ್ನು ತೆಗೆದುಹಾಕಿದರು. ತೀರದ ನೋವು ಆ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಕಣ್ಣಿಗೆ ಕಾಣುವುದಕ್ಕೆ ಜನ ಅಂಜುತ್ತಾರೆ, ಕಾನೂನೂ ಅಂಜಿತ್ತು.

ಪರಿಹಾರದ ಚರಿತ್ರೆ ಚಿಕ್ಕದು, ನಿಧಾನವಾದುದು. ಸುಣ್ಣ ಮತ್ತು ಪಟಿಕ ಬೆರಸಿ ಫ್ಲೋರೈಡನ್ನು ತಳಕ್ಕಿಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿತು. ದಿನವೂ ಅಳತೆ ತಪ್ಪದೆ ಮಾಡುವ ತಾಳ್ಮೆ ಯಾವ ಪಂಚಾಯಿತಿಗೆ ಇದ್ದೀತು? 2008-09ರಲ್ಲಿ ಕೇಂದ್ರ ಸರ್ಕಾರ ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹುಣಸೆಹಣ್ಣು ತಿಂದವರ ಮೂತ್ರದಲ್ಲಿ ಫ್ಲೋರೈಡು ಹೆಚ್ಚಾಗಿ ಹೊರಹೋಗುವುದನ್ನು 2002ರಲ್ಲಿ ವರದಿ ಮಾಡಿದರು. ಸುಣ್ಣದ ಅಂಶ ಧಾರಾಳವಾಗಿರುವ ರಾಗಿಯೂ ಹಾಲು ಮಜ್ಜಿಗೆಯೂ ಫ್ಲೋರೈಡು ರಕ್ತಕ್ಕೆ ಸೇರುವುದನ್ನು ತಕ್ಕಮಟ್ಟಿಗೆ ತಡೆಯುತ್ತವೆ. ರಾಗಿಮುದ್ದೆ, ಹುಣಸೆಹಣ್ಣಿನ ಸಾರು ಎಂಬ ನಮ್ಮ ಬಡವರ ಊಟಕ್ಕೆ ವಿಜ್ಞಾನ ಕೊಟ್ಟ ಮರ್ಯಾದೆ ಇದು. ನೀರನ್ನು ಬದಲಾಯಿಸದೆ ಊಟವೊಂದರಿಂದಲೇ ಪೂರ್ತಿ ರಕ್ಷಣೆಯೆಂದು ಮಾತ್ರ ತಿಳಿಯಬಾರದು.

ನಿಜವಾಗಿ ಮನೆಯೊಳಗಿನ ಕೆಲಸದ ಹಂಚಿಕೆಯನ್ನು ಬದಲಿಸಿದುದು ಊರೂರಿಗೆ ಬಂದ ಶುದ್ಧ ನೀರಿನ ಘಟಕ. ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿಕೊಳ್ಳುವ ಏರ್ಪಾಡು ಅದು. ಬಿಂದಿಗೆಯನ್ನು ಹೆಂಗಸು ತಲೆಯ ಮೇಲೆ ಹೊರುತ್ತಿದ್ದಳು. ಕ್ಯಾನನ್ನು ಗಂಡಸು ಮೊಪೆಡ್ಡಿನ ಮುಂದಿಟ್ಟುಕೊಂಡು ತರುತ್ತಾನೆ. ಕುಡಿಯುವ ನೀರು ತರುವುದು ಗಂಡನ ಕೆಲಸವಾದುದು ಆ ಹಳ್ಳಿಗಳಲ್ಲಿ ಸಣ್ಣ ಬದಲಾವಣೆಯಲ್ಲ. ಆದರೆ ಘಟಕ ಕೆಟ್ಟ ದಿನ, ಕೈಯಲ್ಲಿ ಕಾಸಿಲ್ಲದ ದಿನ, ಅಡಿಗೆಯ ನೀರಿಗೆ ಹಳೆಯ ಕೊಳವೆಬಾವಿಯೇ ಗತಿ.

ತಿರುಮಣಿಯ ಸುತ್ತ ಸೂರ್ಯಸ್ಥಾವರ ಬಂದ ಮೇಲೆ ಇನ್ನೊಂದು ಬಗೆಯ ಬದಲಾವಣೆಯಾಗಿದೆ. ರೈತರಿಂದ ನೆಲವನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು, ಎರಡು ವರ್ಷಕ್ಕೊಮ್ಮೆ ಏರಿಸುವ ಕರಾರು ಮಾಡಿಕೊಂಡರು. ಬಾಗಲಾರದ ಯಜಮಾನನಿಗೆ ಬಾಗದೆಯೇ ಹಣ ಬರುವಂತಾಯಿತು. ಇದೊಂದು ದೊಡ್ಡ ನೆಮ್ಮದಿ, ಒಪ್ಪೋಣ. ಆದರೆ ಪಹಣಿ ಯಾರ ಹೆಸರಿನಲ್ಲಿದೆಯೋ ಹಣ ಅವರಿಗೆ. ಅದು ಹೆಚ್ಚಾಗಿ ಗಂಡಸಿನ ಹೆಸರು. ನೆಲವಿಲ್ಲದ ಮನೆಯ ಹೆಂಗಸು ಆ ಹೊಲಗಳಲ್ಲಿ ಕಳೆ ಕೀಳುವ, ಕಡಲೆಕಾಯಿ ಬಿಡಿಸುವ ಕೂಲಿಯನ್ನು ಕಳೆದುಕೊಂಡಳು. ಗಂಡ ಮೂಲೆ ಹಿಡಿದಿದ್ದ ಮನೆಗಳನ್ನು ನಡೆಸುತ್ತಿದ್ದುದು ಆ ಕೂಲಿ.

ತುಂಗಭದ್ರೆಯ ಅಣೆಕಟ್ಟು ಮುಗಿದುದು 1953ರಲ್ಲಿ. ಅದರ ಹಿನ್ನೀರನ್ನು ಕೊಳವೆಗಳಲ್ಲಿ ಪಾವಗಡದ ಕಡೆಗೆ ತರುವ ಯೋಜನೆ ಉದ್ಘಾಟನೆಯಾದುದು 2025ರಲ್ಲಿ. ನಡುವೆ ಎಪ್ಪತ್ತೆರಡು ವರ್ಷ. ಹೊಳೆಯ ನೀರು ಮನೆಮನೆಗೆ ತಪ್ಪದೆ ತಲುಪಿದರೆ, ಇನ್ನು ಮುಂದೆ ತಿರುಮಣಿಗೆ ಬರುವ ಸೊಸೆಯ ಮೂಳೆಗೆ ಗಂಡನ ಮನೆಯ ನೀರು ಕೇಡು ಮಾಡುವುದಿಲ್ಲ. ಅವಳ ಅತ್ತೆ ಮಾವಂದಿರ ಮೂಳೆಯಲ್ಲಿ ಈಗಾಗಲೇ ಸೇರಿರುವ ಫ್ಲೋರೈಡು ಮಾತ್ರ ವರ್ಷಗಟ್ಟಲೆ ಕಾಲದಲ್ಲಿ ಚೂರುಚೂರೇ ಹೊರಬೀಳುತ್ತದೆ. ಬಿಗಿದ ಬೆನ್ನೆಲುಬು ಮತ್ತೆ ಸಡಿಲವಾಗುವುದಿಲ್ಲ. ಪಡಸಾಲೆಯ ಚಾಪೆಯಲ್ಲಿ ಮಾವ, ಒಲೆಯ ಮುಂದೆ ಮಣೆಯ ಬದಲು ಕುರ್ಚಿ ಹಾಕಿಕೊಂಡು ಕೂತ ಅತ್ತೆ, ಇಬ್ಬರಿಗೂ ಬಚ್ಚಲಿನ ಹಂಡೆಯಲ್ಲಿ ನೀರು ಕಾಯಿಸಿಕೊಡುವ ಕೆಲಸ ಆ ಸೊಸೆಗೆ ಇನ್ನೂ ಬಹಳ ವರ್ಷ ಇದ್ದೇ ಇರುತ್ತದೆ.